ಎದುರಂಗಡಿಯವನ ಹೆಸರಿಗೊಂದು ಕಾಯಿ

ಪರದೆಯ ಮೇಲೆ ‘ಏನೋ ತಪ್ಪಾಗಿದೆ’ ಎಂದು ಬಂದಾಗ ಜಂಬಯ್ಯನಿಗೆ ಮೊದಲು ಹೊಳೆದದ್ದು, ಇದಕ್ಕೆ ಹೇಗೆ ತಿಳಿಯಿತು ಎಂಬುದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ’ ಎಂದಿತ್ತು. ಮತ್ತೆ ಪ್ರಯತ್ನಿಸಿದ. ಮತ್ತೆ ಏನೋ ತಪ್ಪಾಗಿತ್ತು. ಕಂಪ್ಯೂಟರಿನ ಡಬ್ಬಿಗೆ ಬೆಳಿಗ್ಗೆ ತಾನೇ ಎಳೆದ ಮೂರು ಬೆರಳಿನ ವಿಭೂತಿ ಇನ್ನೂ ಹಸಿಯಾಗಿತ್ತು, ಊದುಬತ್ತಿ ಅರ್ಧ ಉರಿದಿತ್ತು, ಗೋಡೆಯ ಪಟದಲ್ಲಿ ಊರ ಆಂಜನೇಯ ಎಂದಿನಂತೆ ಗದೆ ಹೊತ್ತು ಎತ್ತಲೋ ನೋಡುತ್ತಿದ್ದ. ಏನೋ ಎಂದರೆ ಏನು? ಅವನ ಹುಡುಗುತನದಲ್ಲಿ ಹುಟ್ಟೂರು ಕೊಕ್ಕನೂರಿನ ಪೂಜಾರಿಯ ಮೈಮೇಲೆ ಬರುತ್ತಿದ್ದ ದೇವರು ಕೂಡ ಹೀಗೆ ಅರ್ಧಕ್ಕೆ ಬಿಡುತ್ತಿರಲಿಲ್ಲ. ತಪ್ಪು ಇಂಥದ್ದು, ಇಂಥವರ ಮನೆಯದು, ಇಂಥ ಅಮಾವಾಸ್ಯೆಯ ಹರಕೆ ಮರೆತದ್ದು ಎಂದು ಬಿಡಿಸಿ ಹೇಳಿ, ಒಂದು ತಂಬಿಗೆ ನೀರು ಕುಡಿದು, ಆಮೇಲೆ ಇಳಿಯುತ್ತಿತ್ತು. ಈ ಯಂತ್ರ ಮಾತ್ರ, ಎಲ್ಲ ಗೊತ್ತಿದ್ದೂ ಮನೆಯ ಮರ್ಯಾದೆಗೆ ಅಂಜಿ ಸುಮ್ಮನಿರುವ ಬೀಗನ ಹಾಗೆ, ‘ಏನೋ’ ಎಂದಷ್ಟೇ ಹೇಳಿ ಮುಖ ತಿರುಗಿಸುತ್ತಿತ್ತು.

“ಬಂತೇನಲೇ ಜಂಬಾ?” ಎಂದಳು ಬೆಂಚಿನ ಮೇಲೆ ಕಾಲು ಮಡಿಸಿ ಕೂತಿದ್ದ ರಂಗವ್ವ.

“ಬರ್ತೈತೆ ಚಿಗವ್ವ. ಸರ್ವರ್ ಇಲ್ಲ.”

“ನಿನ್ನೇನೂ ಇರ್ಲಿಲ್ಲಂತೆ. ಅದು ದಿನಾ ಎಲ್ಲಿಗೆ ಹೋಗ್ತೈತೆ? ಯಾರ ಮದುವಿ ಐತೆ?”

ಎಪ್ಪತ್ತು ದಾಟಿದ ರಂಗವ್ವ ಊರಿನ ವರಸೆಯಲ್ಲಿ ಅವನಿಗೆ ಚಿಕ್ಕವ್ವ. ಮೊಮ್ಮಗಳು ಸಹನಾಳನ್ನು ಕರೆದುಕೊಂಡು ಕೊಕ್ಕನೂರಿನ ಮೊದಲ ಬಸ್ಸಿಗೆ ಹೊರಟು, ಹರಿಹರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಅವನು ಬಾಗಿಲು ಎತ್ತುವ ಮುಂಚೆಯೇ ದಾವಣಗೆರೆಯ ಕೆ.ಬಿ. ಬಡಾವಣೆಯ ಈ ಆನ್‌ಲೈನ್ ಅಂಗಡಿಯ ಮುಂದೆ ಬಂದು ನಿಂತಿದ್ದಳು. ಸಹನಾಳಿಗೆ ದಾವಣಗೆರೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಿಕ್ಕಿರಲಿಲ್ಲ. ‘ಹಾಸ್ಟೆಲ್ ಆದ್ರೆ ಓದು, ಇಲ್ಲಾಂದ್ರೆ ಓದಿದ್ದು ಸಾಕು, ದಿನಾ ನಾಕು ಬಸ್ಸು ಹತ್ತಿ ಇಳಿಯೋ ಓದು ನಮಗೆ ಬ್ಯಾಡ’ ಎಂದು ಅವಳ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದ. ಹಾಸ್ಟೆಲ್ ಅರ್ಜಿಗೆ ಇವತ್ತೇ ಕೊನೆಯ ದಿನ. ಸಂಜೆ ಐದು ಗಂಟೆ. ಹುಡುಗಿ ಕಡತವನ್ನು ಎದೆಗೆ ಒತ್ತಿಕೊಂಡು ಅವನ ಬೆನ್ನ ಹಿಂದೆ ನಿಂತಿದ್ದಳು. ಅವಳ ಉಸಿರು ಅವನ ಕತ್ತಿಗೆ ತಾಗುತ್ತಿತ್ತು, ಅಥವಾ ಅದು ಫ್ಯಾನಿನ ಗಾಳಿಯೋ. ಯಾವುದಾದರೇನು, ಕತ್ತು ಬೆವರುತ್ತಿತ್ತು.

ನಿನ್ನೆ ಮಧ್ಯಾಹ್ನದ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಎಂಟು ವರ್ಷದಿಂದ ತನ್ನ ಪಿಂಚಣಿಯ ಕಾಗದಗಳನ್ನೆಲ್ಲ ಇವನ ಕೈಯಲ್ಲೇ ಮಾಡಿಸುತ್ತಿದ್ದ ದುರುಗವ್ವ, ನಿನ್ನೆ ಇವನ ಕಣ್ಣೆದುರೇ ರಸ್ತೆ ದಾಟಿ, ಮೂರು ವರ್ಷದ ಹಿಂದೆ ಎದುರಿಗೆ ಶುರುವಾದ ಕಾಂತರಾಜನ ಆನ್‌ಲೈನ್ ಅಂಗಡಿಗೆ ಹೋದಳು. ಹೋಗಲಿ, ಹೋಗುವಾಗ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಆ ಸೆರಗು ಅವನನ್ನು ಕುಟುಕಿತು. ಕಾಂತರಾಜನ ಅಂಗಡಿಗೆ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಓಡಾಡುವ ಕೆಂಪು ಅಕ್ಷರದ ಬೋರ್ಡು. ಜಂಬಯ್ಯನ ಅಂಗಡಿಗೆ ಆಂಜನೇಯ ಒಬ್ಬನೇ. ಮನಸ್ಸು ತಿಳಿಯಾಗಲೆಂದು ಭಜನೆ ಹಾಕಲು ಹೋದರೆ ಭಜನೆಯ ಪಕ್ಕದಲ್ಲಿ ಒಂದು ತೆಂಗಿನಕಾಯಿ ಕುಣಿಯುತ್ತಿತ್ತು. ‘ಶತ್ರು ನಿವಾರಣೆ. ಉಚಿತ. ಹೆಸರು ಬರೆಯಿರಿ, ಕಾಯಿ ಒಡೆಯಿರಿ.’ ಐವತ್ತನಾಲ್ಕು ವರ್ಷ ಇರುವೆಯ ಸಾಲನ್ನೂ ದಾಟಿಕೊಂಡು ನಡೆದವನು ತಾನು. ಸೋಮವಾರ ಒಪ್ಪೊತ್ತು, ಶನಿವಾರ ಆಂಜನೇಯನಿಗೆ ಎಣ್ಣೆ. ಬೆರಳು ಮಾತ್ರ ಬೇರೆ ಯಾರದೋ ಎಂಬಂತೆ ಹೋಗಿ ‘ಕಾಂತರಾಜ್’ ಎಂದು ಒತ್ತಿತು. ಆಗಲೇ ಬಾಗಿಲಲ್ಲಿ ಸಹನಾ ಬಂದು ‘ದೊಡ್ಡಪ್ಪಾ, ಹಾಸ್ಟೆಲ್ ಅರ್ಜಿ’ ಎಂದಿದ್ದಳು. ‘ಸರ್ವರ್ ಇಲ್ಲವ್ವ, ನಾಳೆ ಬಾ’ ಎಂದು ತಲೆಯೆತ್ತದೆ ಕಳಿಸಿದ್ದ. ಅವಳು ಹೋದ ಮೇಲೆ ಕಾಯಿ ಒಡೆದ. ಎರಡು ಹೋಳಾಯಿತು, ನೀರೂ ಚೆಲ್ಲಿತು. ಮರುಕ್ಷಣ ಪರದೆಯೆಲ್ಲ ಕೆಂಪಾಗಿ, ಆಂಬುಲೆನ್ಸಿನ ಸದ್ದು ಹೊರಟು, ಯಾವಳೋ ಹೆಂಗಸು ಇಂಗ್ಲಿಷಿನಲ್ಲಿ ಅವನನ್ನು ಗದರಿಸತೊಡಗಿದಳು. ನಿಮ್ಮ ಕಂಪ್ಯೂಟರಿಗೆ ಹದಿನೇಳು ವೈರಸ್ ತಗುಲಿವೆ ಎಂದು ಬರೆದಿತ್ತು. ಹದಿನಾರಲ್ಲ, ಹದಿನೆಂಟಲ್ಲ, ಯಾರೋ ಕೂತು ಎಣಿಸಿದ ಹಾಗೆ. ವೈರು ಕಿತ್ತು, ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದಿದ್ದ.

ಈಗ ಹೊಸದೊಂದು ಬಂತು: ‘ನಿಮ್ಮ ಅಧಿವೇಶನ ಮುಗಿದಿದೆ.’ ಆಮೇಲೆ ‘ಅಮಾನ್ಯ ವಿನಂತಿ.’ ಆಮೇಲೆ ಬರೀ ಅಂಕಿ, ಐನೂರಾ ಮೂರು. ನಡುವೆ ಒಮ್ಮೆ ಬಾಗಿಲು ತೆರೆದಂತೆ ಮಾಡಿ, ನೀವು ರೋಬೋಟ್ ಅಲ್ಲವೆಂದು ತೋರಿಸಿ, ಸೇತುವೆ ಇರುವ ಚಿತ್ರಗಳನ್ನೆಲ್ಲ ಆರಿಸಿ ಎಂದಿತು. ಜಂಬಯ್ಯ ಕನ್ನಡಕ ಸರಿಮಾಡಿಕೊಂಡು, ಹರಿಹರದ ಹಳೆಯ ಸೇತುವೆಯಂಥದ್ದನ್ನು, ಅದರ ಪಕ್ಕದ ಇನ್ನೊಂದನ್ನು, ಅನುಮಾನವಿದ್ದರೂ ಒಂದು ಕಾಲುವೆಯ ಮೋರಿಯನ್ನೂ ಒತ್ತಿದ. ‘ದೃಢೀಕರಣ ವಿಫಲ.’ ಮನುಷ್ಯನಲ್ಲ ಎಂದಾಯಿತು. ಇರಬಹುದು, ಎನ್ನಿಸಿತು ಅವನಿಗೆ. ಮನುಷ್ಯನಾದವನು ಎದುರಂಗಡಿಯವನ ಹೆಸರಿಗೆ ಕಾಯಿ ಒಡೆಯುತ್ತಾನೆಯೇ?

“ದೊಡ್ಡಪ್ಪ, ನನ್ ಫೋನ್ನಾಗೂ ಹಂಗೇ ಬರ್ತೈತೆ,” ಎಂದಳು ಸಹನಾ.

ಜಂಬಯ್ಯ ಕೀಲಿಮಣೆಯಿಂದ ಕೈ ಹಿಂದೆಗೆದುಕೊಂಡ. ಅಂಟಿತು. ಇಲ್ಲಿಂದ ಅಲ್ಲಿಗೆ ಹಾರಿತು. ಬಾಗಿಲಲ್ಲಿ ನಿಲ್ಲುವ ಮಗುವಿನ ಫೋನಿಗೂ ಬಿಡಲಿಲ್ಲವಲ್ಲ. “ಒಂಚೂರು ದೂರ ನಿಂತ್ಕಾ,” ಎಂದ.

“ಎದುರಿಗೆ ಹೋಗಿ ಕೇಳ್ಲಾ?”

“ಬ್ಯಾಡ.” ಬಾಯಿ ಮನಸ್ಸಿಗಿಂತ ಮುಂದೆ ಹೋಗಿತ್ತು. ಹಾಗೆ ಅಂದವನು ತಾನೇ ಬಾಗಿಲಿಗೆ ಬಂದು ನೋಡಿದ. ಕಾಂತರಾಜನ ಗಾಜಿನ ಬಾಗಿಲಿನಿಂದ ಜನ ಕಾಗದ ಮಡಿಸಿಕೊಂಡು ಗೊಣಗುತ್ತ ಇಳಿದು ಹೋಗುತ್ತಿದ್ದರು. ಕೊನೆಗೆ ಕಾಂತರಾಜನೇ ಹೊರಬಂದು, ಸೊಂಟಕ್ಕೆ ಕೈಯಿಟ್ಟು, ಆಕಾಶ ನೋಡಿದ. ಅವನದೂ ನಿಂತಿದೆ! ಒಂದು ಕ್ಷಣ, ಒಂದೇ ಕ್ಷಣ, ಜಂಬಯ್ಯನ ಹೊಟ್ಟೆಯೊಳಗೆ ಬೆಲ್ಲ ಕರಗಿದ ಹಾಗಾಯಿತು. ಹತ್ತಿತು ಕಾಯಿ. ತನ್ನ ಬೆರಳಿಗೂ ಇಷ್ಟು ಶಕ್ತಿ ಇದೆಯೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಮರುಕ್ಷಣ ಆ ಬೆಲ್ಲವೇ ಬೇವಾಯಿತು. ನಾಲ್ಕು ಮಂದಿ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತ ಆ ಮೆಟ್ಟಿಲು ಇಳಿಯುತ್ತಿದ್ದರು. ಮಾಟ ಮಾಡುವವರು ಹೊಡೆತಕ್ಕೆ ಯಾರು ಯಾರು ಸಿಗುತ್ತಾರೆಂದು ನೋಡುವುದಿಲ್ಲ ಎಂದು ಅವನ ಅವ್ವ ಹೇಳುತ್ತಿದ್ದಳು. ಜಂಬಯ್ಯ ಒಳಗೆ ಬಂದು ನಯೀಮನಿಗೆ ಫೋನು ಮಾಡಿದ.

ನಯೀಮ್ ಹರಿಹರದವನು. ಮೊದಲು ರೇಡಿಯೋ, ಆಮೇಲೆ ಟೀವಿ, ಈಗ ಕಂಪ್ಯೂಟರು ರಿಪೇರಿ ಮಾಡುವ, ಜಂಬಯ್ಯನ ವಾರಿಗೆಯ ಗೆಳೆಯ. ಎಲ್ಲ ಕೇಳಿ, ಅಂದರೆ ಕಾಯಿಯೊಂದನ್ನು ಬಿಟ್ಟು, ಹದಿನೇಳು ವೈರಸ್ ಸಮೇತ ಎಲ್ಲ ಕೇಳಿ, “ಮುಟ್ಟಬ್ಯಾಡ್ರಿ ಜಂಬಣ್ಣ, ವೈರ್ ಕಿತ್ತಿಡ್ರಿ. ಊಟದ ಹೊತ್ತಿಗೆ ಬರ್ತೀನಿ. ಹಿಸ್ಟ್ರಿ ತೆಗೆದು ನೋಡಿದ್ರೆ ಎಲ್ಲಿಂದ ಬಂತು ಅಂತ ಗೊತ್ತಾಗೇ ಆಗ್ತೈತೆ,” ಎಂದ.

“ಹಿಸ್ಟ್ರಿ ಯಾಕ?”

“ಡಾಕ್ಟ್ರು ಕೇಳಲ್ವೇನ್ರಿ, ನಿನ್ನೆ ಏನು ತಿಂದಿದ್ರಿ ಅಂತ? ಮಿಷಿನ್ ಬಾಯಿ ಬಿಡೋದಿಲ್ಲ, ನಾವೇ ತೆಗೀಬೇಕು. ಎಷ್ಟು ಗಂಟಿಗೆ ಯಾವುದು ಒತ್ತೀರಿ, ಎಲ್ಲಾ ಇರ್ತೈತೆ ಅದರಾಗೆ.”

ಎಲ್ಲಾ ಇರುತ್ತದೆ. ಚಿತ್ರಗುಪ್ತನ ಕಡತವಾದರೆ ಸತ್ತ ಮೇಲಾದರೂ ತೆರೆಯುವುದು. ಇದನ್ನು ನಯೀಮ್ ಊಟದ ಹೊತ್ತಿಗೇ ತೆರೆಯುತ್ತಾನೆ. ತೆರೆದು, ಅವನ ರೂಢಿಯಂತೆ ಗಟ್ಟಿಯಾಗಿ ಓದುತ್ತಾನೆ. ಆಂಜನೇಯನ ಪಟದ ಕೆಳಗೆ, ಚಿಕ್ಕವ್ವನ ಎದುರಿಗೆ.

“ವೈರಸ್ ಅಂದೇನು ನೀನು? ಕರೋನದ್ದಾ?” ರಂಗವ್ವ ಕಾಲು ಇಳಿಬಿಟ್ಟಳು.

“ಅಲ್ಲ ಚಿಗವ್ವ. ಇದು ಮಿಷಿನ್ಗೆ ಬರೋದು.”

“ಎದುರಿಗಿನವಂಗೂ ಬಂದೈತೇನು?”

“ಬಂದಂಗೈತೆ.”

“ಈ ಹುಡುಗಿ ಫೋನಿಗೂ ಬಂತು. ಮಿಷಿನ್ಗೆ ಬಂದ್ರೇನು, ದನಕ್ಕೆ ಬಂದ್ರೇನು, ಬ್ಯಾನಿ ಬ್ಯಾನೀನೇ. ಓಣಿಗೆ ಓಣೀನೇ ಹಿಡದೈತೆ. ಏಳ್ರಿ, ಹೊರಬೀಡು ಬಿಡಾನ.”

ಹೊರಬೀಡು. ಆ ಮಾತು ಕಿವಿಗೆ ಬಿದ್ದದ್ದೇ ಅಂಗಡಿಯ ಊದುಬತ್ತಿಯ ವಾಸನೆ ಹೋಗಿ ಒಣ ಸಗಣಿಯ, ಹಸಿ ಜೋಳದ ದಂಟಿನ ವಾಸನೆ ಬಂತು. ಅವನಿಗೆ ಏಳು ವರ್ಷ. ದನಗಳಿಗೆ ಕಾಲುಬಾಯಿ ಬ್ಯಾನಿ ಬಂದು ಕೊಟ್ಟಿಗೆಗಳಲ್ಲಿ ಜೊಲ್ಲು ಸುರಿಯುತ್ತಿತ್ತು. ಡಂಗುರ ಹಾಕಿಸಿ, ಹೊತ್ತು ಹುಟ್ಟುವ ಮುಂಚೆ ಇಡೀ ಊರು ಮನೆಗಳಿಗೆ ಬೀಗ ಜಡಿದು ಹೊಲದ ಕಡೆ ಹೊರಟಿತ್ತು: ಬಾಣಂತಿ, ಹಾಸಿಗೆ ಹಿಡಿದವರು, ನಾಯಿ, ಬೆಕ್ಕು, ಕೋಳಿ, ಒಂದು ಜೀವವೂ ಒಳಗೆ ಉಳಿಯುವಂತಿಲ್ಲ. ಊರಬಾಗಿಲ ಅಗಸೆಗೆ ಅಡ್ಡಲಾಗಿ ಜಾಲಿಮುಳ್ಳು. ಒಲೆಯಲ್ಲಿ ಕೆಂಡವಿಲ್ಲ, ಗೂಡಿನಲ್ಲಿ ದೀಪವಿಲ್ಲ. ಬ್ಯಾನಿ ಬಂದು ಮನೆಮನೆ ತಿರುಗಿ, ಯಾರೂ ಇಲ್ಲವಲ್ಲ ಎಂದು ಬೇಸತ್ತು ಮುಂದಿನ ಊರಿಗೆ ಹೋಗಬೇಕು. ಬಯಲಲ್ಲಿ ಎಲ್ಲರದೂ ಒಂದೇ ಸಾಲಿನ ಊಟ. ಮಾತು ಬಿಟ್ಟ ಅಣ್ಣತಮ್ಮಂದಿರೂ ಅಂದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಬಯಲಿಗೆ ಹೋದ ಮೇಲೆ ಅವನ ಪುಚ್ಚದ ಕೋಳಿಯನ್ನು ಕೊಯ್ಯುತ್ತೇವೆಂದು ಅವ್ವ ಹೇಳಿದ್ದಳು. ಅವನು ಅದನ್ನು ಮನೆಯೊಳಗೇ ಹೆಡಿಗೆಬುಟ್ಟಿಯ ಕೆಳಗೆ ಮುಚ್ಚಿ ಬಂದ. ಸಂಜೆ ಬಂದು ನೋಡಿದರೆ ಕೋಳಿ ಒಲೆಯ ಬೂದಿಯಲ್ಲಿ ಹಾಯಾಗಿ ಕೂತಿತ್ತು. ಎಂಟು ದಿನಕ್ಕೆ ಸಣ್ಣಬೀರಪ್ಪನ ಎಮ್ಮೆ ಸತ್ತಿತು. ಸಣ್ಣಬೀರಪ್ಪನೆಂದರೆ ಇದೇ ರಂಗವ್ವನ ಗಂಡ. ಅದಾಗಿ ನಲವತ್ತೇಳು ವರ್ಷವಾದರೂ ಜಂಬಯ್ಯ ಈಕೆಯನ್ನು ಕಂಡಾಗಲೆಲ್ಲ ಕಾಫಿ ತರಿಸುತ್ತಾನೆ.

“ಅಜ್ಜಿ, ಹೊತ್ತು ಮುಳುಗೋತನಾ ಹೊರಗ ಕೂತ್ರೆ ಅರ್ಜಿ? ಐದಕ್ಕೆ ಮುಗೀತೈತೆ,” ಎಂದಳು ಸಹನಾ.

“ಹಂಗಾರೆ ಮೂರಕ್ಕೆ ಬರಾನ. ಸಣ್ಣ ಮಿಷಿನ್, ಸಣ್ಣ ಹೊರಬೀಡು.”

ಹುಡುಗಿಗೆ ನಗು ಬಂತು. ಸೈಟು ತೆರೆಯುವವರೆಗೆ ಒಳಗೆ ಕೂತರೂ ಒಂದೇ, ಹೊರಗೆ ಕೂತರೂ ಒಂದೇ, ಹೊರಗೆ ಗಾಳಿಯಾದರೂ ಇದೆ ಎಂದುಕೊಂಡಳೋ ಏನೋ, ಕಡತ ಹಿಡಿದು ಎದ್ದಳು. ಜಂಬಯ್ಯ ಬೇಡವೆನ್ನಲಿಲ್ಲ. ಬಾಗಿಲು ಮುಚ್ಚಿದ್ದರೆ ನಯೀಮ್ ಬಂದರೂ ಕಡತ ತೆರೆಯಲಾಗುವುದಿಲ್ಲವಲ್ಲ! ಭಕ್ತಿಯಿಂದಲೇ ಊದುಬತ್ತಿ ಆರಿಸಿದ, ಮೇನ್ ಸ್ವಿಚ್ಚು ಇಳಿಸಿದ, ಆಂಜನೇಯನ ಪಟವನ್ನು ಏನು ಮಾಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡ. ಜಾಲಿಮುಳ್ಳು ಸಿಗದೆ ರಂಗವ್ವ ಪಕ್ಕದ ಮನೆಯ ಕಾಂಪೌಂಡಿನಿಂದ ಕಾಗದದ ಹೂವಿನ ಗಿಡದ ಒಂದು ಟೊಂಗೆ ಮುರಿದು ತಂದು ಶಟರಿಗೆ ಸಿಕ್ಕಿಸಿದಳು. “ಮುಳ್ಳು ಐತೆ, ನಡೀತೈತೆ. ಹೂ ಇದ್ರೆ ಬ್ಯಾನಿ ಬ್ಯಾಡ ಅಂತೈತೇನು,” ಎಂದು ತನಗೇ ಹೇಳಿಕೊಂಡಳು. ಆಮೇಲೆ ಸೀದಾ ರಸ್ತೆ ದಾಟಿ ಗಾಜಿನ ಬಾಗಿಲು ತಳ್ಳಿದಳು. ಜಂಬಯ್ಯ ನೋಡುತ್ತ ನಿಂತ. ಒಳಗೆ ಕೈಯಾಡಿಸಿ ಏನೋ ಹೇಳುತ್ತಿದ್ದಳು. ಒಂದು ಮನೆ ಒಳಗೆ ಉಳಿದರೂ ಹೊರಬೀಡು ಕೆಟ್ಟಿತು. ಅದು ಅವನಿಗೂ ಗೊತ್ತು, ಹೆಡಿಗೆಯ ಕೆಳಗಿನ ಕೋಳಿಗೂ ಗೊತ್ತು. ಐದು ನಿಮಿಷಕ್ಕೆ ಕಾಂತರಾಜ ತಲೆ ಕೆರೆದುಕೊಳ್ಳುತ್ತ ಹೊರಬಂದು ಬೀಗ ಹಾಕಿದ.

“ಹೆಂಗಿದ್ರೂ ಸೈಟ್ ಬಿದ್ದೈತೆ, ಊಟದ ಹೊತ್ತು ಬೇರೆ,” ಎಂದ ಅವನು, ಜಂಬಯ್ಯನನ್ನು ನೋಡದೆ. ಮೂರು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲನೆಯ ಉದ್ದನೆಯ ಮಾತು ಅದು. “ಏನ್ ಅಜ್ಜಿನಪ್ಪ ಇವ್ರು! ನಾನು ಬರ್ಲಿಲ್ಲಾಂದ್ರೆ ಬ್ಯಾನಿ ನನ್ ಅಂಗಡ್ಯಾಗೇ ಸಂಸಾರ ಹೂಡ್ತೈತೆ ಅಂತ ಹೆದ್ರಿಸ್ತಾರೆ.”

ಪಕ್ಕದ ಪಾರ್ಕಿನ ಬೇವಿನ ಮರದ ಕೆಳಗೆ ರಂಗವ್ವ ಟವೆಲ್ಲು ಹಾಸಿದಳು. ಸಹನಾ ಹೋಗಿ ಮೂಲೆಯ ಗಾಡಿಯಿಂದ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದಳು. ಹೊರಬೀಡಿನಲ್ಲಿ ಎಲ್ಲರೂ ಒಂದೇ ಸಾಲು ಎಂದು ರಂಗವ್ವ ಕಾಂತರಾಜನನ್ನು ಎಳೆದು ಜಂಬಯ್ಯನ ಪಕ್ಕಕ್ಕೇ ಕೂರಿಸಿದಳು. ಒಂದೇ ಪೇಪರಿನಲ್ಲಿ ಇಬ್ಬರ ಕೈ. ಹತ್ತಿರದಿಂದ ನೋಡಿದರೆ ಕಾಂತರಾಜನ ಕಿವಿಯ ಮೇಲೆ ಬಿಳಿ ಕೂದಲು ಬಂದಿತ್ತು, ಅಂಗಿಯ ಎರಡನೆಯ ಗುಂಡಿ ಬೇರೆ ಬಣ್ಣದ್ದಿತ್ತು. ಶತ್ರುವಿಗೆ ಇಂಥ ಗುಂಡಿ ಇರಬಾರದಿತ್ತು ಎಂದುಕೊಂಡ ಜಂಬಯ್ಯ. ಗಾಜಿನ ಆಚೆಗಿದ್ದಾಗ ಇವನು ಎಷ್ಟು ಅನುಕೂಲವಾಗಿದ್ದ. ಕಾಂತರಾಜ ತನ್ನ ಪಾಲಿನ ದೊಡ್ಡ ಬಜ್ಜಿಯನ್ನು ಮುರಿದು ಅರ್ಧ ಇವನ ಕಡೆ ದೂಡಿದ. ಖಾರ ನೆತ್ತಿಗೆ ಹತ್ತಿ ಜಂಬಯ್ಯ ಕೆಮ್ಮಿದ. ಕಾಂತರಾಜನೇ ಬೆನ್ನು ತಟ್ಟಿದ. ಒಂದೊಂದು ತಟ್ಟಿಗೂ ಒಂದೊಂದು ವೈರಸ್ ಒಳಗೆ ಎಚ್ಚರಾಗುತ್ತಿತ್ತು.

ಒಂದೂವರೆಗೆ ನಯೀಮ್ ಚೀಲ ತೂಗಾಡಿಸುತ್ತ ಬಂದ. ಶಟರಿನ ಮೇಲಿನ ಹೂವಿನ ಟೊಂಗೆ, ಮರದ ಬುಡಕ್ಕೆ ಒರಗಿಸಿದ ಆಂಜನೇಯ, ಸಾಲಾಗಿ ಕೂತ ಮಂದಿ ಎಲ್ಲವನ್ನೂ ನೋಡಿ, “ಯಾರಾದ್ರೂ ಹೋಗ್ಬಿಟ್ರೇನ್ರಿ?” ಎಂದ. ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದು ನಕ್ಕು, ಬೀಗದ ಕೈಗೆಂದು ಕೈ ಚಾಚಿದ.

“ಮೂರರ ತನಕ ಒಳಗ ಯಾರೂ ಕಾಲಿಡಂಗಿಲ್ಲ,” ಎಂದಳು ರಂಗವ್ವ. “ಕೂಡ್ರಪ್ಪ, ಮಂಡಕ್ಕಿ ತಿನ್ನು.”

“ಆತು ಬಿಡ್ರಿ ಅಮ್ಮಾ. ಮೂರಕ್ಕೆ ಹಿಸ್ಟ್ರಿ ತೆಗಿಯಾನ.” ನಯೀಮ್ ಕೂತು ಕಾಂತರಾಜನ ಕಡೆ ತಿರುಗಿದ. “ನೀವೂ ಬರ್ರಿ ಕಾಂತಣ್ಣ, ನೋಡೀರಂತೆ. ಜಂಬಣ್ಣ ಎಂಥೆಂಥಾ ಭಜನಿ ಕೇಳ್ತಾರೆ ಅಂತ.”

ಬೇವಿನ ಎಲೆಯೊಂದು ತಿರುಗುತ್ತ ಬಂದು ಮಂಡಕ್ಕಿಯ ಮೇಲೆ ಬಿತ್ತು. ಜಂಬಯ್ಯ ಅದನ್ನು ಎತ್ತಿ ಪಕ್ಕಕ್ಕಿಟ್ಟ. ಮೂರು ಗಂಟೆಗೆ ಯಂತ್ರ ಹೇಳುತ್ತದೆ. ಯಂತ್ರದ ಬಾಯಿಂದ ಬರುವುದಕ್ಕಿಂತ ತನ್ನ ಬಾಯಿಂದ ಬಂದರೆ ಸ್ವಲ್ಪ ಸಣ್ಣದಾಗಿ ಬರಬಹುದು. ಅಲ್ಲದೆ ಒಳಗಿನದನ್ನು ಒಳಗೇ ಇಟ್ಟುಕೊಂಡು ಹೊರಬೀಡಿಗೆ ಬಂದವನು ಕೋಳಿಯನ್ನು ಹೆಡಿಗೆಯಡಿ ಇಟ್ಟುಬಂದ ಹುಡುಗನೇ ಅಲ್ಲವೇ? ಈ ಸಲ ಸಾಯುವುದು ಎಮ್ಮೆಯಲ್ಲ. ಹುಡುಗಿ ಹತ್ತು ನಿಮಿಷಕ್ಕೊಮ್ಮೆ ಫೋನು ತೆರೆದು, ಮುಚ್ಚಿ, ತುಟಿ ಕಚ್ಚುತ್ತಿದ್ದಳು.

“ನಿನ್ನೆ ಒಂದು ಕಾಯಿ ಒಡದೆ,” ಎಂದ ಜಂಬಯ್ಯ.

“ಯಾವ ಗುಡ್ಯಾಗೆ?” ಎಂದಳು ರಂಗವ್ವ.

“ಗುಡ್ಯಾಗಲ್ಲ. ಕಂಪ್ಯೂಟರ್ನಾಗೆ. ಶತ್ರು ಹೆಸರು ಬರೀರಿ ಅಂತ ಇತ್ತು. ಬರ್ದೆ. ಆಮ್ಯಾಲೇ ಇದೆಲ್ಲಾ ಶುರುವಾಗಿದ್ದು.”

“ಯಾರ ಹೆಸರು?” ಎಂದ ನಯೀಮ್, ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ.

ಜಂಬಯ್ಯ ಪಕ್ಕಕ್ಕೆ ನೋಡಲಿಲ್ಲ. ಬೇರೆ ಬಣ್ಣದ ಗುಂಡಿಯನ್ನು ನೋಡಿದ. “ಇವ್ರದೇ.”

ಕಾಂತರಾಜ ಕೈಯಲ್ಲಿದ್ದ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಳ್ಳಲೂ ಇಲ್ಲ, ಕೆಳಗೆ ಹಾಕಲೂ ಇಲ್ಲ. ಆಮೇಲೆ, “ಬರೀ ಕಾಂತರಾಜ್ ಅಂತ ಹಾಕಿದ್ರೇನು?” ಎಂದ.

“ಹ್ಞೂ.”

“ಅಪ್ಪನ ಹೆಸ್ರು?”

“ಕೇಳ್ಲಿಲ್ಲ ಅದು.”

“ಊರು, ಪಿನ್ ಕೋಡು, ಮೊಬೈಲ್ ನಂಬರು?”

“ಇಲ್ಲ.”

“ಇಪ್ಪತ್ತು ವರ್ಸದಿಂದ ಅರ್ಜಿ ತುಂಬೋ ಕೆಲ್ಸ ಮಾಡ್ತೀರಿ, ಜಂಬಣ್ಣ! ಇಂಥಾ ಅರ್ಧಂಬರ್ಧ ಅರ್ಜಿ ಹಾಕೀರಲ್ರೀ! ದಾವಣಗೆರಿಯಾಗೆ ಎಷ್ಟು ಮಂದಿ ಕಾಂತರಾಜ್ ಅದಾರೆ. ಯಾವ ಪಾಪದವಂಗೆ ಹೋಗಿ ಹತ್ತೈತೋ. ಇಲ್ಲಾಂದ್ರೆ ರಿಜೆಕ್ಟ್ ಆಗಿರ್ತೈತೆ ಬಿಡ್ರಿ,” ಎಂದ ಕಾಂತರಾಜ. ನಯೀಮ್ ಮಂಡಕ್ಕಿ ಉಗುಳುವಂತೆ ನಕ್ಕ. ಕಾಂತರಾಜನೂ ನಕ್ಕ, ಆದರೆ ನಗು ಕಣ್ಣಿನ ತನಕ ಬರದೆ ನಿಂತಿತು. ಆಮೇಲೆ ಮೆಲ್ಲಗೆ, “ಯಾಕ್ರಿ?” ಎಂದ.

“ದುರುಗವ್ವ ನಿನ್ನೆ ನಿಮ್ ಅಂಗಡಿಗೆ ಬಂದ್ಲು. ನನ್ನ ನೋಡಿ ಸೆರಗು ಹೊದ್ಕಂಡ್ಲು.”

“ಆ ಮುದುಕೀನಾ? ಆಕಿ ನೀರು ಕುಡಿಯಾಕೆ ಬಂದಿದ್ಲು ಮಾರಾಯ್ರೆ. ಬಿಸಿಲಂತ ಸೆರಗು ಹೊದ್ದಿದ್ಲು. ತಣ್ಣಗ ಕೂತು, ಜಂಬಯ್ಯನ ಅಂಗಡ್ಯಾಗೆ ಗಾಳಿನೇ ಆಡಲ್ಲ, ಅವ ಮಾತ್ರ ದೇವರಂಥಾ ಮನುಷ್ಯ ಅಂತ ನಂಗೇ ಹೇಳಿ ಹೋದ್ಲು.”

“ಖರೇ ಕಾಯಿ ಒಡದಿದ್ರೆ ತಿನ್ನಾಕಾದ್ರೂ ಆಗ್ತಿತ್ತಲ್ಲೋ,” ಎಂದಳು ರಂಗವ್ವ. ಅವಳಿಗೆ ಮಾಟಕ್ಕಿಂತ ಕಾಯಿ ದಂಡವಾದದ್ದು ಹೆಚ್ಚು ಬೇಸರವಾದಂತಿತ್ತು.

ಜಂಬಯ್ಯನ ಮೈ ಹಗುರವಾಗುತ್ತ ಬಂತು. ತುಂಗಭದ್ರೆಯಲ್ಲಿ ಮೂರು ಮುಳುಗು ಹಾಕಿ ಎದ್ದವನಿಗೆ ಕಿವಿಯಲ್ಲಿ ನೀರು ತುಂಬಿ ಲೋಕದ ಸದ್ದೆಲ್ಲ ದೂರವಾಗುತ್ತದಲ್ಲ, ಹಾಗೆ. ಎಮ್ಮೆಯ ಸಂಗತಿಯನ್ನೂ ಹೇಳಿಬಿಡಲೇ ಎಂದು ನಾಲಗೆ ಒಮ್ಮೆ ತುದಿಗೆ ಬಂತು. ಒಂದು ದಿನಕ್ಕೆ ಒಂದು ಸಾಕು ಎಂದು ಒಳಗೆಳೆದುಕೊಂಡ. ಆ ಹಗುರದಲ್ಲೇ ನಯೀಮನ ಮಾತು ಕೇಳುತ್ತಿದ್ದ: ಕೆಂಪು ಪರದೆ, ಹದಿನೇಳು ವೈರಸ್ಸು, ಗದರಿಸುವ ಹೆಂಗಸು, ಎಲ್ಲ ಬರೀ ಜಾಹೀರಾತಂತೆ, ಹೆದರಿಸಿ ಏನೋ ಮಾರುವವರಂತೆ, ವೈರು ಕಿತ್ತದ್ದೇ ಒಳ್ಳೆಯದಾಯಿತು, ಒಳಗೆ ಏನೂ ಹೊಕ್ಕ ಹಾಗಿಲ್ಲ, ಆದರೂ ಒಮ್ಮೆ ಜಾಲಾಡಿಸಿ ನೋಡುತ್ತೇನೆ ಅಂತ. “ಸೈಟ್ ಬಿದ್ದಿದ್ದು ನಿಮ್ ಕಾಯಿಂದಲ್ಲ ಜಂಬಣ್ಣ. ಕೊನೇ ದಿನ. ಇಡೀ ರಾಜ್ಯದ ಹುಡುಗ್ರು ಒಂದೇ ಬಾಗಿಲಾಗೆ ನುಗ್ಯಾರೆ. ಹರಿಹರದಾಗೂ ಇದೇ ಗೋಳು.”

“ಅಷ್ಟೇ ಮತ್ತೆ,” ಎಂದ ಕಾಂತರಾಜ. “ನಿನ್ನೆ ಮಧ್ಯಾಹ್ನ ನಾನೇ ಹನ್ನೊಂದು ಹಾಸ್ಟೆಲ್ ಅರ್ಜಿ ಹಾಕ್ದೆ. ಬೆಣ್ಣ್ಯಾಗಿನ ಕೂದ್ಲು ತೆಗೆದಂಗೆ ಹೋದ್ವು.”

ಆ ಮಾತು ತಟ್ಟಿದ್ದು ಇಬ್ಬರಿಗಷ್ಟೇ. ಸಹನಾ ಫೋನಿನಿಂದ ತಲೆಯೆತ್ತಿ ಜಂಬಯ್ಯನನ್ನು ನೋಡಿದಳು. ಸಿಟ್ಟಿನಿಂದಲ್ಲ, ದಾರಿಯಲ್ಲಿ ಗುರುತಿನವರನ್ನು ಕಂಡಾಗ ನೋಡುತ್ತೇವಲ್ಲ, ಅಷ್ಟೇ. ಮತ್ತೆ ತಲೆ ತಗ್ಗಿಸಿದಳು. ನಿನ್ನೆ ಮಧ್ಯಾಹ್ನ. ಸರ್ವರ್ ಇತ್ತು. ಅವಳು ಕಡತ ಹಿಡಿದು ಬಾಗಿಲಲ್ಲಿ ನಿಂತಾಗ, ರಸ್ತೆಯ ಆಚೆ ಹನ್ನೊಂದು ಅರ್ಜಿ ಹೋಗುತ್ತಿದ್ದಾಗ, ಇತ್ತು. ‘ಸರ್ವರ್ ಇಲ್ಲ’ ಎಂಬುದನ್ನು ಅವನು ಸುಳ್ಳು ಹೇಳಬೇಕೆಂದೂ ಹೇಳಿರಲಿಲ್ಲ. ಊಟದ ಹೊತ್ತಾದರೆ ಸರ್ವರ್ ಇಲ್ಲ, ತಲೆನೋವಾದರೆ ಸರ್ವರ್ ಇಲ್ಲ, ಮುದುಕರು ಮೂರನೇ ಸಲ ಬಂದರೆ ಸರ್ವರ್ ಇಲ್ಲ. ದಿನಕ್ಕೆ ಇಪ್ಪತ್ತು ಸಲ, ಆಕಳಿಕೆಯ ಹಾಗೆ, ಬಾಯಿ ತಾನೇ ತೆರೆದು ತಾನೇ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ಯಾವ ಹಿಸ್ಟ್ರಿಯೂ ಇಲ್ಲ. ನಯೀಮ್ ಇಡೀ ಯಂತ್ರ ಬಿಚ್ಚಿದರೂ ಸಿಗುವುದಿಲ್ಲ. ಕುಣಿಯುವ ಕಾಯಿಗೆ ನಡುಗಿ, ಕಾಲು ತೊಳೆದು, ಆಂಜನೇಯನನ್ನು ಕಂಕುಳಲ್ಲಿ ಹೊತ್ತು ಊರು ಬಿಟ್ಟು ಬಂದವನು ಇದನ್ನು ಮಾತ್ರ ಎಲ್ಲೂ ಇಳಿಸದೆ ಬಾಯಲ್ಲೇ ಇಟ್ಟುಕೊಂಡು ಬಂದಿದ್ದ.

ಮೂರಕ್ಕೆ ರಂಗವ್ವ ಟೊಂಗೆ ಎಳೆದು ಹಾಕಿದಳು. ನಯೀಮ್ ಡಬ್ಬಿಗೆ ಏನೋ ಚುಚ್ಚಿ ಜಾಲಾಡಿಸಲು ಹಚ್ಚಿದ. ಅದು ನೂರರಲ್ಲಿ ಹನ್ನೆರಡು, ಹದಿಮೂರು ಎಂದು ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಮೂರೂವರೆ. ನಾಲ್ಕು. ಸಹನಾಳ ಫೋನಿನಲ್ಲಿ ಏನೋ ತಪ್ಪಾಗೇ ಇತ್ತು. ಅವಳು ಈಗ ಕಡತವನ್ನು ಎದೆಗೆ ಒತ್ತಿಕೊಂಡಿರಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಅದರ ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದಳು. ಜಂಬಯ್ಯ ಆಂಜನೇಯನನ್ನು ಮೊಳೆಗೆ ಹಾಕಿ, ಕೈ ಮುಗಿಯಲು ಹೋಗಿ, ಮುಗಿಯಲಿಲ್ಲ. ಬೇಡಿಕೊಳ್ಳುವ ಮಾತು ಯಾವ ಬಾಯಿಂದ ಬರಬೇಕೋ ಆ ಬಾಯಿ ಸರಿಯಿಲ್ಲ ಎನ್ನಿಸಿತು. ನಾಲ್ಕೂ ಇಪ್ಪತ್ತಕ್ಕೆ ಎದುರಿನಿಂದ ಕಾಂತರಾಜ ಬಾಗಿಲು ತಳ್ಳಿ ಕೂಗಿದ: “ಬಂತು! ಸೈಟ್ ಬಂತು!”

ಜಂಬಯ್ಯನ ಯಂತ್ರ ಅರವತ್ತೆಂಟರಲ್ಲಿತ್ತು. “ಈಗ ನಿಲ್ಲಿಸಿದ್ರೆ?” ಎಂದ. ನಯೀಮ್ ತಲೆಯಾಡಿಸಿದ.

“ನಡಿಯವ್ವ. ಎದುರಿಗೆ,” ಎಂದ ಜಂಬಯ್ಯ. ಕಡತವನ್ನು ತಾನೇ ಎತ್ತಿಕೊಂಡು ರಸ್ತೆಗೆ ಇಳಿದ. ಹನ್ನೆರಡು ಹೆಜ್ಜೆಯ ರಸ್ತೆ. ಅಕ್ಕಪಕ್ಕದ ಅಂಗಡಿಯವರು ನೋಡುತ್ತಿದ್ದರು, ಅಥವಾ ನೋಡುತ್ತಿರಲಿಲ್ಲ. ಗಾಜಿನ ಬಾಗಿಲಿನಾಚೆ ದುರುಗವ್ವ ಹೇಳಿದ ಹಾಗೆ ತಣ್ಣಗಿತ್ತು. ಆಗಲೇ ಆರು ಮಂದಿ ನಿಂತಿದ್ದರು. “ಬೆಳಿಗ್ಗೆ ಎಂಟಕ್ಕೆ ಬಂದ ಹುಡುಗಿ ಇದು,” ಎಂದ ಜಂಬಯ್ಯ, ಯಾರಿಗೆಂದು ಹೇಳದೆ, ಆಮೇಲೆ, “ನಿನ್ನೇನೇ ಬಂದಿದ್ಲು. ನಾನು ವಾಪಸ್ ಕಳ್ಸಿದ್ದೆ,” ಎಂದ. ಕಾಂತರಾಜ ಕುರ್ಚಿ ಎಳೆದು ಕೊಟ್ಟ. ಅವನು ಒತ್ತುತ್ತ ಹೋದ, ಇವನು ಕಡತ ಬಿಡಿಸಿ ಓದಿ ಹೇಳುತ್ತ ಹೋದ: ಜಾತಿ ಪತ್ರದ ನಂಬರು, ಅಪ್ಪನ ಹೆಸರು, ಊರು, ಪಿನ್ ಕೋಡು. ಪಿನ್ ಕೋಡು ಹೇಳುವಾಗ ಕಾಂತರಾಜನ ತುಟಿ ಕೊಂಕಿತು. ಜಂಬಯ್ಯ ನೋಡಿಯೂ ನೋಡದ ಹಾಗಿದ್ದ. ಫೋಟೋ ದೊಡ್ಡದಾಯಿತೆಂದು ಒಮ್ಮೆ ತಿರುಗಿಸಿ ಕಳಿಸಿತು. ಸಣ್ಣದು ಮಾಡಿದರು. ಚಕ್ರ ತಿರುಗಿತು. ನಾಲ್ಕೂ ಐವತ್ತೊಂದಕ್ಕೆ ‘ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ’ ಎಂದು ಬಂತು. ಎಷ್ಟೋ ಸಾವಿರ ಸಲ ಓದಿದ ಸಾಲು. ಹಿಂದೆ ನಿಂತಿದ್ದ ಆರೂ ಮಂದಿ ಒಟ್ಟಿಗೆ ಉಸಿರು ಬಿಟ್ಟರು, ಆಮೇಲೆ ಒಟ್ಟಿಗೆ ಮುಂದೆ ನುಗ್ಗಿದರು. ರಂಗವ್ವ ಮಾತ್ರ “ನಾ ಹೇಳ್ಲಿಲ್ಲೇನು, ಬ್ಯಾನಿ ಊರು ಬಿಟ್ತು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಹರಿಹರದ ಬಸ್ಸಿಗೆ ಅವರನ್ನು ಕಳಿಸಲು ಸ್ಟಾಪಿನ ತನಕ ಜಂಬಯ್ಯನೂ ಬಂದ. ರಂಗವ್ವ ಮುಂದೆ ಹೋಗಿ ಬಸ್ಸು ಬರುವ ದಿಕ್ಕಿಗೆ ಕಣ್ಣ ಮೇಲೆ ಕೈಯಿಟ್ಟು ನಿಂತಳು. ಬಾಕಿ ಉಳಿದದ್ದು ಒಂದೇ ಮಾತು. ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದಂತಲ್ಲ.

“ಸಹನಾ,” ಎಂದ. “ನಿನ್ನೆ ಸರ್ವರ್ ಇತ್ತವ್ವ.”

“ಗೊತ್ತಿತ್ತು ದೊಡ್ಡಪ್ಪ.”

“ಕಾಂತರಾಜ ಹೇಳಿದ ಮ್ಯಾಲೆ.”

“ಅಲ್ಲ, ನಿನ್ನೇನೇ.” ಹುಡುಗಿ ಸ್ವೀಕೃತಿಯ ಹಾಳೆಯನ್ನು ನಾಲ್ಕಾಗಿ ಮಡಿಸುತ್ತಿದ್ದಳು. “ನಿಮ್ ಕನ್ನಡಕದಾಗೆ ಕಾಯಿ ಕಾಣ್ತಿತ್ತು. ಎರಡೂ ಗಾಜಿನಾಗೆ ಒಂದೊಂದು, ಕುಣೀತಿದ್ವು.”

“ಮತ್ತೆ ಯಾಕ ಸುಮ್ಕೆ ಹೋದಿ? ಕೇಳ್ಬಾರ್ದಿತ್ತೇನು? ಬೈಬಾರ್ದಿತ್ತೇನು?”

ಬಸ್ಸು ಬಂತು. ರಂಗವ್ವ ಆಗಲೇ ಮೆಟ್ಟಿಲ ಮೇಲಿದ್ದಳು, “ಬಾರೇ, ಸೀಟು ಹೋಗ್ತಾವೆ!” ಎನ್ನುತ್ತಿದ್ದಳು. ಸಹನಾ ಕಂಬಿ ಹಿಡಿದು ತಿರುಗಿದಳು. ಅವಳ ಮುಖದಲ್ಲಿ ಜಂಬಯ್ಯ ವ್ಯಂಗ್ಯವನ್ನು ಹುಡುಕಿದ, ಕುಹಕವನ್ನು ಹುಡುಕಿದ, ಬೈಗುಳದ ಒಂದು ಚೂರಾದರೂ ಇದ್ದೀತೆಂದು ಹಸಿದವನ ಹಾಗೆ ಹುಡುಕಿದ.

“ದೊಡ್ಡಪ್ಪ ಪೂಜಿಗೆ ಕೂತಾರೆ ಅಂದ್ಕಂಡೆ,” ಎಂದಳು. “ನಡುವೆ ಮಾತಾಡಿಸ್ಬಾರ್ದಲ್ಲ.”